ನಾಯಿದೊಡ್ಡಿಗಳೂ ನಾಗರಿಕರ ಹೊಣೆಯೂ

(ರಾಜಾಜಿನಗರದ ವಾಚನಾಲಯವೊಂದರಲ್ಲಿ ನೆರೆದ ಉಪಾಧ್ಯಾಯರ ಮತ್ತು ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಬೀದಿಯ ನಾಯಿಯ ವಿಷಯವನ್ನು ಸಭೆಯ ಮುಂದಿಡುವವರನ್ನು ಕಂಡು ನಗುವವರುಂಟು. ಮನುಷ್ಯನಿಗೇ ಅನ್ನವಸ್ತ್ರಗಳ ಕೊರತೆಯಿರುವ ದೇಶದಲ್ಲಿ ವಕೀಲರಿಗೆ ಬೇರೆ ಕಕ್ಷಿಗಾರರು ದೊರೆಯಲಿಲ್ಲವೇ ಎಂದು ಕೇಳುವವರೂ ಉಂಟು. ಅವರಿಗೆ ನಮ್ಮ ಉತ್ತರವಿಷ್ಟೆ: ನಾಯಿ ಕಚ್ಚಿದವನ ಪಕ್ಷವನ್ನು ಬಿಟ್ಟು ನಾವು ಇಲ್ಲಿಗೆ ಬಂದಿಲ್ಲ. ಮಾತು ಬಾರದ ಪ್ರಾಣಿಯೊಂದನ್ನು ಹಿಡಿದು, ಗೋಡೆಯ ಹಿಂದೆ ಕೂಡಿ, ಬಾಗಿಲು ಹಾಕಿದ ಮೇಲೆ ಅಲ್ಲಿ ನಡೆಯುವುದಕ್ಕೆಲ್ಲ ಹೊಣೆ ಯಾರು ಎಂಬುದೇ ನಮ್ಮ ಪ್ರಶ್ನೆ. ಅಲ್ಲಿ ವೆಚ್ಚವಾಗುವ ಹಣ ನಮ್ಮ ತೆರಿಗೆಯದು. ಅಲ್ಲಿ ನಡೆಯುವ ಕೆಲಸ ನಮ್ಮ ಹೆಸರಿನಲ್ಲಿ ನಡೆಯುವಂಥದು. ಆದುದರಿಂದ ಕೇಳುವ ಹಕ್ಕೂ ನಮ್ಮದು, ಕೇಳದೆ ಉಳಿದ ಪಾಪವೂ ನಮ್ಮದು.

ಕನ್ನಡ ನಾಡಿಗೆ ಈ ವಿಷಯ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. ೯೫೦ರ ಸುಮಾರಿನ ಕಲ್ಲೊಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲರನು ಗಂಗ ದೊರೆ ಬೂತುಗನಿಂದ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ, ತಾನೂ ಸತ್ತು ಹಂದಿಯನ್ನೂ ಕೊಂದ ಕಥೆ ಅದರಲ್ಲಿ ಕೆತ್ತಿದೆ. ಆ ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಪೂಜೆಮಾಡದೆ ಉಣ್ಣುವ ಪೂಜಾರಿಗೆ ಪಾಪವನ್ನು ವಿಧಿಸಿದರು. ಒಂದು ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿದ ಜನ ನಾವು. ಇಂದು ನಮ್ಮ ಗಾಡಿಗಳಲ್ಲಿ ತುಂಬಿ ಒಯ್ಯುವ ನಾಯಿಗಳಿಗೆ ಹೆಸರು ಬೇಡ, ಒಂದು ಅಂಕಿಯನ್ನಾದರೂ ಕೊಟ್ಟು ಲೆಕ್ಕವಿಟ್ಟಿದ್ದೇವೆಯೇ?

ಇರಲಿ. ಮೊದಲು ಮನುಷ್ಯನ ಕಷ್ಟವನ್ನೇ ಹೇಳೋಣ. ೨೦೦೭ನೆಯ ಇಸವಿಯ ಆರಂಭದಲ್ಲಿ ಬೆಂಗಳೂರಿನಲ್ಲಿ ಇಬ್ಬರು ಎಳೆಯ ಮಕ್ಕಳು ನಾಯಿಗಳ ಬಾಯಿಗೆ ಬಲಿಯಾದರು. ಅವರಲ್ಲಿ ಒಬ್ಬಳು ನಮ್ಮ ವಿಜಯನಗರದ ನೆರೆಯ ಚಂದ್ರಾ ಲೇಔಟಿನವಳು. ಹೆತ್ತವರ ಆ ದುಃಖದ ಮುಂದೆ ಯಾವ ದಯಾಧರ್ಮದ ಉಪನ್ಯಾಸವೂ ನಿಲ್ಲಲಾರದು. ಆದರೆ ಅದರ ಬೆನ್ನಿಗೆ ನಡೆದುದೇನು? ಊರು ಕೋಪಗೊಂಡಿತು, ನಾಯಿಗಳನ್ನು ಸಿಕ್ಕಸಿಕ್ಕಲ್ಲಿ ಹಿಡಿದರು, ಕೊಂದರು. ಕೆಲವು ತಿಂಗಳಲ್ಲಿ ಕೋಪ ಆರಿತು. ಕಸದ ರಾಶಿ ಹಾಗೆಯೇ ಉಳಿಯಿತು. ನಾಯಿಗಳೂ ಮರಳಿ ಬಂದವು. ಕೋಪದಿಂದ ಮಾಡಿದ ಆಡಳಿತಕ್ಕೆ ಆಯುಸ್ಸು ಕಡಮೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಹಿಡಿದು ಕೊಲ್ಲುವ ಪದ್ಧತಿ ನಮ್ಮ ಪೂರ್ವಿಕರದಲ್ಲ. ಬಹುಮಟ್ಟಿಗೆ ಅದು ಪರರಾಜ್ಯದ ಪಟ್ಟಣಗಳ ಆಡಳಿತದೊಡನೆ ಬಂದುದು. ೧೮೩೨ರಲ್ಲಿ ಮುಂಬಯಿಯ ಆಂಗ್ಲ ಅಧಿಕಾರಿಗಳು ನಾಯಿಗಳನ್ನು ಕೊಲ್ಲಿಸಹೊರಟಾಗ ಪಾರಸಿಗಳು ಅಂಗಡಿಗಳನ್ನು ಮುಚ್ಚಿ ಬೀದಿಗಿಳಿದರು. ಮದರಾಸಿನ ಕಾರ್ಪೊರೇಷನ್ ನೂರು ವರ್ಷಕ್ಕೂ ಮೀರಿ ನಾಯಿಗಳನ್ನು ಕೊಂದಿತು. ಸಂಖ್ಯೆ ಇಳಿಯದಿದ್ದುದರಿಂದ ೧೯೯೬ರಲ್ಲಿ ಆ ಮಾರ್ಗವನ್ನು ಬಿಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾರ್ಗವನ್ನು ಹಿಡಿಯಿತು. ಪಾಶ್ಚಾತ್ಯರ ಚರಿತ್ರೆಯೂ ಹೀಗೆಯೇ. ನ್ಯೂಯಾರ್ಕ್ ನಗರದಲ್ಲಿ ಹಿಡಿದ ನಾಯಿಗಳನ್ನು ಕಬ್ಬಿಣದ ಪಂಜರದಲ್ಲಿ ತುಂಬಿ ನದಿಯಲ್ಲಿ ಮುಳುಗಿಸುತ್ತಿದ್ದರು. ೧೮೯೪ರಲ್ಲಿ ಪ್ರಾಣಿದಯಾ ಸಂಘವು ಆ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡ ಮೇಲೆಯೇ ಅದು ನಿಂತಿತು. ಲಂಡನ್ನಿನಲ್ಲಿ ಮೇರಿ ಟೀಲ್ಬಿ ಎಂಬ ಮಹಿಳೆ ೧೮೬೦ರಲ್ಲಿ ದಿಕ್ಕಿಲ್ಲದ ನಾಯಿಗಳಿಗೊಂದು ಮನೆಯನ್ನು ತೆರೆದಾಗ ಜನರು ಹಾಸ್ಯಮಾಡಿದರು. ಆ ಮನೆ ಇಂದಿಗೂ ನಡೆಯುತ್ತಿದೆ.

ಗಾಂಧೀಜಿಯವರ ಮಾತನ್ನು ಇಲ್ಲಿ ಮರೆಯತಕ್ಕದ್ದಲ್ಲ. ೧೯೨೬ರಲ್ಲಿ ಅಹಮದಾಬಾದಿನ ಗಿರಣಿಯೊಡೆಯರೊಬ್ಬರು ತಮ್ಮ ಆವರಣದ ೬೦ ನಾಯಿಗಳನ್ನು ಕೊಲ್ಲಿಸಿದರು. ಅಹಿಂಸಾವಾದಿಗಳು ಗಾಂಧೀಜಿಯವರನ್ನು ಪ್ರಶ್ನಿಸಿದರು. ಅಪಾಯದ ಸಂದರ್ಭದಲ್ಲಿ ಬೇರೆ ದಾರಿಯೇ ಇಲ್ಲದಾಗ ಹಾಗೆ ಮಾಡಬೇಕಾಗಬಹುದೆಂದು ಅವರು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ನಿರ್ಭಯವಾಗಿ ಬರೆದರು. ದೊಡ್ಡ ಚರ್ಚೆಯೇ ನಡೆಯಿತು. ಆದರೆ ಅವರ ವಾದದ ತಿರುಳು ಕೊಲ್ಲುವುದಲ್ಲ. ಒಡೆಯನಿಲ್ಲದ ನಾಯಿ ಬೀದಿಯಲ್ಲಿರುವುದೇ ಸಮಾಜದ ಅಪರಾಧ. ತುತ್ತೊಂದನ್ನು ಎಸೆದು ಪುಣ್ಯ ಬಂತೆಂದು ತಿಳಿಯುವುದು ದಯೆಯಲ್ಲ. ಸಾಕುವ ಹೊಣೆಯನ್ನು ಮಹಾಜನರು ಹೊರಬೇಕು ಎಂಬುದೇ ಅವರ ಅಭಿಪ್ರಾಯ. ಅಂದು ಊರೂರಿಗೆ ಪಶುವೈದ್ಯರ ಶಸ್ತ್ರಚಿಕಿತ್ಸೆ ಇರಲಿಲ್ಲ, ನಾಯಿಗಳಿಗೆ ಹಾಕುವ ಲಸಿಕೆಯೂ ಸುಲಭವಾಗಿರಲಿಲ್ಲ. ಇಂದು ಎರಡೂ ಇವೆ. ಬೇರೆ ದಾರಿಯೇ ಇಲ್ಲವೆಂಬ ನೆಪ ನಮಗೆ ಉಳಿದಿಲ್ಲ.

ಇನ್ನು ಕಾಯಿದೆಯ ಸ್ಥಿತಿಯನ್ನು ಅರಿಕೆಮಾಡುತ್ತೇವೆ. ರುಕ್ಮಿಣೀದೇವಿ ಅರುಂಡೇಲರ ಪರಿಶ್ರಮದ ಫಲವಾಗಿ ೧೯೬೦ರಲ್ಲಿ ಪ್ರಾಣಿಹಿಂಸಾ ನಿವಾರಣ ಕಾಯಿದೆ ಬಂದಿತು. ೨೦೦೧ರಲ್ಲಿ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳು ಬಂದವು. ೨೦೨೩ರಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು. ನಾಯಿಯನ್ನು ನೋವಾಗದಂತೆ ಹಿಡಿಯಬೇಕು. ಇಕ್ಕುಳ, ತಂತಿಗಳನ್ನು ಬಳಸಕೂಡದು. ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಗಾಯ ಮಾಯುವವರೆಗೆ ಇಟ್ಟುಕೊಂಡು, ಗುರುತಿಗೆ ಕಿವಿಯ ಅಂಚನ್ನು ಕತ್ತರಿಸಿ, ಹಿಡಿದ ಬೀದಿಗೇ ಮರಳಿ ಬಿಡಬೇಕು. ಈ ಕೆಲಸವನ್ನು ನೋಡಿಕೊಳ್ಳಲು ಸ್ಥಳೀಯ ಸಮಿತಿ ಇರಬೇಕು. ಹೀಗೆ ನಿಯಮದಲ್ಲಿ ಕೊರತೆಯಿಲ್ಲ. ಕೊರತೆ ದಂಡದಲ್ಲಿದೆ: ೧೯೬೦ರ ಕಾಯಿದೆಯು ಮೊದಲ ಸಲ ಹಿಂಸೆಮಾಡಿದವನಿಗೆ ವಿಧಿಸಿದ ಜುಲ್ಮಾನೆ ೧೦ ರೂಪಾಯಿಯಿಂದ ೫೦ ರೂಪಾಯಿ! ವಿಜಯನಗರದ ಹೋಟೆಲಿನಲ್ಲಿ ಉಪಾಹಾರದ ಬೆಲೆಯೂ ಅದಕ್ಕಿಂತ ಹೆಚ್ಚು.

೨೦೨೫ನೆಯ ಇಸವಿಯಲ್ಲಿ ಈ ವ್ಯಾಜ್ಯ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಆಗಸ್ಟ್ ೧೧ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠವು ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಗಳಲ್ಲಿಡಬೇಕು, ಮರಳಿ ಬಿಡಬಾರದು ಎಂದು ಆಜ್ಞೆಮಾಡಿತು. ಆಗಸ್ಟ್ ೨೨ರಂದು ಮೂವರ ಪೀಠವು ಅದನ್ನು ತಿದ್ದಿ, ರೇಬೀಸ್ ತಗಲಿದ, ತಗಲಿದೆಯೆಂಬ ಸಂಶಯವಿರುವ ಅಥವಾ ಮೇಲೆರಗುವ ಸ್ವಭಾವದ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆಯ ನಂತರ ಅವುಗಳ ಸ್ಥಳಕ್ಕೇ ಬಿಡಬೇಕೆಂದಿತು. ನವೆಂಬರ್ ೭ರಂದು ಮತ್ತೊಂದು ಆಜ್ಞೆ ಹೊರಟಿತು: ಶಾಲಾ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ಸು ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಆಶ್ರಯಧಾಮಗಳಿಗೆ ಸಾಗಿಸಬೇಕು, ಅಲ್ಲಿಗೆ ಮರಳಿ ಬಿಡಕೂಡದು, ಆವರಣಕ್ಕೆ ಬೇಲಿ ಹಾಕಬೇಕು, ಸಂಸ್ಥೆಯಿಂದ ಒಬ್ಬ ಅಧಿಕಾರಿಯನ್ನು ಹೊಣೆಗಾರನೆಂದು ಹೆಸರಿಸಬೇಕು. ಶಾಲೆಯ ಅಂಗಳದಲ್ಲಿ ಮಗು ನಿರ್ಭಯವಾಗಿ ಆಡಬೇಕೆಂಬುದರಲ್ಲಿ ನಮಗೂ ಎರಡು ಮಾತಿಲ್ಲ. ಆದರೆ ಸಾಗಿಸಿದ ನಾಯಿಯ ಗತಿಯೇನು? ಎರಡು ವರ್ಷದ ನಾಯಿ ಇನ್ನೂ ಎಂಟು ಹತ್ತು ವರ್ಷ ಬದುಕಬಲ್ಲದು. ಅಷ್ಟು ವರ್ಷ ಅದಕ್ಕೆ ಅನ್ನ, ನೀರು, ವೈದ್ಯ, ನೆರಳು ಬೇಕು. ಬೀದಿಯಿಂದ ತೆಗೆದ ದಿವಸವೇ ಕೆಲಸ ಮುಗಿಯುವುದಿಲ್ಲ. ಅಂದಿನಿಂದ ಅದು ಮೊದಲಾಗುತ್ತದೆ.

ಎಲ್ಲ ನಾಯಿಗಳನ್ನೂ ಕೂಡಿಹಾಕಿಬಿಡಿ ಎನ್ನುವವರು ಸ್ವಲ್ಪ ಲೆಕ್ಕ ಮಾಡಲಿ. ೨೦೧೯ರ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು ೩ ಲಕ್ಷ ೧೦ ಸಾವಿರ, ೨೦೨೩ರಲ್ಲಿ ೨,೭೯,೩೩೫. ಅವುಗಳಲ್ಲಿ ನೂರಕ್ಕೆ ಸುಮಾರು ೭೨ಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ೨೦೧೯ರಲ್ಲಿ ಅದು ನೂರಕ್ಕೆ ೫೧. ಕೊಲ್ಲದೆ, ಕೂಡಿಹಾಕದೆ ನಾಲ್ಕು ವರ್ಷಗಳಲ್ಲಿ ೩೦ ಸಾವಿರ ಇಳಿದುವು ಎಂಬುದನ್ನು ಗಮನಿಸಿರಿ. ಈಗ ಒಂದು ನಾಯಿಗೆ ದಿನಕ್ಕೆ ೫೦ ರೂಪಾಯಿಯೆಂದು ಇಟ್ಟುಕೊಂಡರೂ, ಎಲ್ಲವನ್ನೂ ಸಾಕಲು ದಿನಕ್ಕೆ ಸುಮಾರು ೧ ಕೋಟಿ ೪೦ ಲಕ್ಷ, ವರ್ಷಕ್ಕೆ ೫೧೦ ಕೋಟಿ ರೂಪಾಯಿ ಬೇಕು. ಒಂದಕ್ಕೆ ೨೦ ಚದರ ಅಡಿ ಕೊಟ್ಟರೂ ೧೨೮ ಎಕರೆ ಬರಿಯ ಗೂಡುಗಳಿಗೇ ಬೇಕು. ಬಸವೇಶ್ವರನಗರದಲ್ಲಿ ಆಟದ ಬಯಲಿಗೆ ಜಾಗ ದೊರೆಯದ ಊರಿನಲ್ಲಿ ಈ ಭೂಮಿ ಎಲ್ಲಿಂದ ಬರಬೇಕು? ಹಣವೂ ಭೂಮಿಯೂ ಇಲ್ಲದೆ ಕೂಡಿಹಾಕಿದರೆ ಅದರ ಅರ್ಥವೊಂದೇ: ಕೊಲ್ಲುತ್ತೇವೆಂದು ಬಾಯಿಬಿಟ್ಟು ಹೇಳದೆ ಸಾಯಲು ಬಿಡುವುದು.

ಇದು ಅತಿಶಯೋಕ್ತಿಯೆಂದು ತಿಳಿಯಬೇಡಿರಿ. ನಾಯಿ ತನ್ನ ಬೀದಿಯನ್ನು ಬಲ್ಲ ಪ್ರಾಣಿ. ಹತ್ತು ಬೀದಿಯ ನಾಯಿಗಳನ್ನು ಒಂದೇ ಅಂಕಣದಲ್ಲಿ ಬಿಟ್ಟರೆ ಮೊದಲ ರಾತ್ರಿಯೇ ಕಾದಾಟ. ದುರ್ಬಲವಾದುದಕ್ಕೆ ಅನ್ನ ಸಿಕ್ಕದು. ಡಿಸ್ಟೆಂಪರ್, ಪಾರ್ವೋ ಮೊದಲಾದ ಸಾಂಕ್ರಾಮಿಕ ರೋಗಗಳು ಇಕ್ಕಟ್ಟಿನಲ್ಲಿ ಬೆಂಕಿಯಂತೆ ಹರಡುತ್ತವೆ. ಮೊದಲು ಸಾಯುವುವು ಮರಿಗಳು. ಇತ್ತ ನಾಯಿಗಳನ್ನು ತೆಗೆದ ಬೀದಿಯಲ್ಲಿ ಕಸವೂ ಮಾಂಸದಂಗಡಿಯ ತ್ಯಾಜ್ಯವೂ ಹಾಗೆಯೇ ಬಿದ್ದಿದ್ದರೆ, ಲಸಿಕೆಯಿಲ್ಲದ ಹೊಸ ನಾಯಿಗಳು ಆ ಜಾಗಕ್ಕೆ ಬರುತ್ತವೆ. ದೊಡ್ಡಿಯೊಳಗೆ ಹಿಂಸೆ, ದೊಡ್ಡಿಯ ಹೊರಗೆ ಅಪಾಯ. ಇದರಲ್ಲಿ ಲಾಭ ಪಡೆದವರು ಯಾರು?

ಇಲ್ಲಿ ವಕೀಲರಾಗಿ ನಾವೊಂದು ಸೂಕ್ಷ್ಮವನ್ನು ಹೇಳಬೇಕಾಗಿದೆ. ನಮ್ಮ ಹಳ್ಳಿಗಳ ದನದ ದೊಡ್ಡಿಯನ್ನು ತಾವೆಲ್ಲ ಬಲ್ಲಿರಿ. ೧೮೭೧ರ ಕಾಯಿದೆಯು ದೊಡ್ಡಿಯನ್ನು ಕಾಯುವವನು ದನಕ್ಕೆ ಮೇವು ನೀರು ಕೊಡಬೇಕು, ಪುಸ್ತಕದಲ್ಲಿ ದಾಖಲೆಯಿಡಬೇಕು ಎಂದು ವಿಧಿಸಿತ್ತು. ಆ ವಿಧಿ ನಡೆಯುತ್ತಿದ್ದುದು ಕಾಯುವವನ ಕರುಣೆಯಿಂದಲ್ಲ. ನಾಳೆ ಬೆಳಗ್ಗೆ ದನದ ಒಡೆಯ ದುಡ್ಡು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ, ‘ನನ್ನ ಹಸು ಏಕೆ ಬಡವಾಯಿತು?’ ಎಂದು ಕೇಳುತ್ತಾನೆ ಎಂಬ ಭಯದಿಂದ. ನಾಯಿದೊಡ್ಡಿಯ ಬಾಗಿಲಿಗೆ ಯಾರೂ ಬರುವುದಿಲ್ಲ. ಕೇಳುವವರಿಲ್ಲದ ಸೆರೆಮನೆಯಲ್ಲಿ ಎಂಥ ಒಳ್ಳೆಯ ನಿಯಮವೂ ಕಾಗದದ ಮೇಲೆಯೇ ಉಳಿಯುತ್ತದೆ. ಆದುದರಿಂದ ಒಡೆಯನಿಲ್ಲದ ನಾಯಿಯ ಒಡೆಯನ ಸ್ಥಾನದಲ್ಲಿ ನಾಗರಿಕನೇ ಹೋಗಿ ನಿಂತು ಕೇಳಬೇಕು. ಬೇರೆ ಉಪಾಯವಿಲ್ಲ.

೨೦೨೫ರ ಸೆಪ್ಟೆಂಬರ್ ೨ರಿಂದ ಬೆಂಗಳೂರು ಐದು ನಗರಪಾಲಿಕೆಗಳಾಗಿ ವಿಂಗಡವಾಗಿದೆ. ಅಧಿಕಾರ ನಮ್ಮ ಮನೆಬಾಗಿಲಿಗೆ ಹತ್ತಿರ ಬಂದಿರುವಾಗ ಕೇಳುವುದೂ ಸುಲಭವಾಗಬೇಕು. ನಮ್ಮ ಬೇಡಿಕೆಗಳು ಹೆಚ್ಚಿಲ್ಲ. ಒಂದು: ಹಿಡಿದ ಪ್ರತಿಯೊಂದು ನಾಯಿಗೂ ಅಂಕಿ ಕೊಟ್ಟು, ಹಿಡಿದ ಸ್ಥಳ, ದಿನ, ಚಿಕಿತ್ಸೆ, ಬಿಟ್ಟ ದಿನ ಅಥವಾ ಸತ್ತ ಕಾರಣ ಇವುಗಳನ್ನು ಕನ್ನಡದಲ್ಲಿ ಬರೆದಿಡಬೇಕು, ಆ ಪುಸ್ತಕವನ್ನು ಯಾವ ನಾಗರಿಕನಾದರೂ ನೋಡುವಂತಿರಬೇಕು. ಎರಡು: ವಾರಕ್ಕೊಂದು ದಿನ ದೊಡ್ಡಿಯ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯಬೇಕು. ಮೂರು: ರೋಗಿ, ಮರಿ, ಹೆಣ್ಣು, ಗಂಡು, ಕಚ್ಚುವ ನಾಯಿ ಇವಕ್ಕೆ ಬೇರೆ ಬೇರೆ ಅಂಕಣಗಳಿರಬೇಕು. ನಾಲ್ಕು: ರಾಜಾಜಿನಗರದಿಂದ ಕೆಂಗೇರಿಯವರೆಗೆ ಪ್ರತಿ ವಾರ್ಡಿನಲ್ಲಿಯೂ ಅನ್ನ ಹಾಕುವ ಸ್ಥಳವನ್ನು ಮಕ್ಕಳು ಓಡಾಡುವ ದಾರಿಯಿಂದ ದೂರ ಗೊತ್ತುಮಾಡಬೇಕು, ಕಂಡಕಂಡಲ್ಲಿ ಅನ್ನ ಸುರಿಯುವ ದಯಾಳುಗಳೂ ಈ ಕಟ್ಟಿಗೆ ಒಳಪಡಬೇಕು. ಐದು: ಕಸ.

ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಶೇಷ ವಿಜ್ಞಾಪನೆ. ಶಾಲೆಯ ಆವರಣದ ನಾಯಿಯನ್ನು ಗಾಡಿಗೆ ಒಪ್ಪಿಸಿದಾಗ ಅದರ ಅಂಕಿಯನ್ನು ಬರೆದುಕೊಳ್ಳಿರಿ. ತಿಂಗಳ ನಂತರ ಅದೆಲ್ಲಿದೆಯೆಂದು ಪತ್ರ ಬರೆಯಿರಿ. ನೂರು ಶಾಲೆಗಳಿಂದ ನೂರು ಪತ್ರ ಹೋದರೆ ದೊಡ್ಡಿಯ ನೀರಿನ ತೊಟ್ಟಿ ತಾನೇ ತುಂಬುತ್ತದೆ. ಮಕ್ಕಳಿಗೂ ಹೇಳಿರಿ: ಮರಿಯಿಟ್ಟ ನಾಯಿಯ ಬಳಿ ಹೋಗಬಾರದು, ಉಣ್ಣುವ ನಾಯಿಯನ್ನು ಕೆಣಕಬಾರದು, ಅಟ್ಟಿಸಿಕೊಂಡು ಬಂದರೆ ಓಡಬಾರದು. ಕಚ್ಚಿದರೆ ಸುಣ್ಣ, ಖಾರದ ಪುಡಿ ಹಚ್ಚತಕ್ಕದ್ದಲ್ಲ. ಹದಿನೈದು ನಿಮಿಷ ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು, ಎಲ್ಲ ಸರದಿಗಳನ್ನೂ ಮುಗಿಸಬೇಕು. ರೋಗದ ಲಕ್ಷಣ ಕಾಣಿಸಿದ ಮೇಲೆ ರೇಬೀಸಿಗೆ ಮದ್ದಿಲ್ಲವೆಂದೇ ತಿಳಿಯಬೇಕು. ಮೊದಲೇ ಎಚ್ಚರಗೊಂಡರೆ ಅದನ್ನು ಪೂರ್ತಿಯಾಗಿ ತಡೆಯಬಹುದು.

ಮಹಾಭಾರತದ ಆದಿಪರ್ವದಲ್ಲಿ ಬರುವ ಸರಮೆಯ ಕಥೆಯನ್ನು ತಾವು ಬಲ್ಲಿರಿ. ಜನಮೇಜಯನ ಯಜ್ಞಶಾಲೆಗೆ ಬಂದ ನಾಯಿಮರಿಯನ್ನು ರಾಜನ ತಮ್ಮಂದಿರು ಹೊಡೆದಟ್ಟಿದರು. ಅದು ಹವಿಸ್ಸನ್ನು ಮುಟ್ಟಿರಲಿಲ್ಲ, ನೋಡಿಯೂ ಇರಲಿಲ್ಲ. ತಾಯಿ ಸರಮೆ ಸಭೆಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: ತಪ್ಪುಮಾಡದ ನನ್ನ ಮಗುವನ್ನು ಏಕೆ ಹೊಡೆದಿರಿ? ರಾಜಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಶಾಪ ತಗಲಿದ್ದು ಆ ಬಳಿಕ. ನಮ್ಮ ನಗರದ ದೊಡ್ಡಿಗಳಲ್ಲಿರುವ ನಾಯಿಗಳ ಪರವಾಗಿ ಯಾವ ಸರಮೆಯೂ ಸಭೆಗೆ ಬರಲಾರಳು. ಆದುದರಿಂದ ಆ ಪ್ರಶ್ನೆಯನ್ನು ನಾವೇ ಕೇಳೋಣ. ಉತ್ತರ ಬರುವವರೆಗೆ ಬಾಗಿಲಿನಿಂದ ಕದಲದಿರೋಣ.