ತೊಗರಿ ದುಡ್ಡು ವರ್ಷಕ್ಕೊಮ್ಮೆ, ಸಂತೆ ವಾರಕ್ಕೊಮ್ಮೆ

(ಚೌಡಾಪುರದಲ್ಲಿ ರೈತರ ಮುಂದೆ ಆಡಿದ ಮಾತು)



ಬೆಲೆ, ಸಾಲದ ಮಾತು ಬಿಟ್ಟು ಇವತ್ತು ಟಮಾಟಿ, ಬದನಿಕಾಯಿ ಹಿಡಿದಾನಲ್ಲ ಅಂತ ನಗಬ್ಯಾಡ್ರಿ. ಇದೂ ಸಾಲದ ಮಾತೇ. ನಮ್ಮ ಕರಿನೆಲದಲ್ಲಿ ತೊಗರಿ ರಾಶಿ ವರ್ಷಕ್ಕೊಮ್ಮೆ. ಸಂತೆಯ ಖರ್ಚು ವಾರವಾರ. ನಡುವಿನ ತಿಂಗಳುಗಳನ್ನು ಉದ್ರಿ ತುಂಬುತ್ತದೆ. ಆ ಉದ್ರಿ ತೀರಿಸಲು ರಾಶಿಯಾದ ಕೂಡಲೆ ಬಂದ ದರಕ್ಕೆ ತೊಗರಿ ಮಾರುತ್ತೀರಿ. ದರ ಏರುವ ತನಕ ಕಾಯಲು ಕೈಯಲ್ಲಿ ಏನಿದೆ?

2023ರ ಜುಲೈ ನೆನಪಿದೆಯಲ್ಲ. ಟಮಾಟಿ ಕಿಲೋಕ್ಕೆ ನೂರು ರೂಪಾಯಿ ದಾಟಿತು. ಕೂಡಲೆ ಕೇಂದ್ರ ಸರ್ಕಾರ ದಿಲ್ಲಿಯವರಿಗೆ ಕಡಿಮೆ ದರದಲ್ಲಿ ಮಾರಲು ನಿಂತಿತು, ಆಗಸ್ಟಿನಲ್ಲಿ ನೇಪಾಳದಿಂದಲೂ ಬಂತು. ಸೆಪ್ಟೆಂಬರಿನಲ್ಲಿ ನಾಸಿಕದ ಮಾರುಕಟ್ಟೆಯಲ್ಲಿ ದರ ಹತ್ತು ರೂಪಾಯಿಗಿಂತ ಕೆಳಗೆ ಬಿದ್ದಾಗ ಆ ಅವಸರ ಕಾಣಲಿಲ್ಲ! ಅದಕ್ಕೇ, ಸಾಲ ತೆಗೆದು ಎಕರೆಗಟ್ಟಲೆ ಟಮಾಟಿ ಹಚ್ಚಿರಿ ಅಂತ ನಾನು ಹೇಳುವುದಿಲ್ಲ. ಮನೆ ಮಟ್ಟಿಗೆ ಹಿತ್ತಲಲ್ಲಿ ಅರ್ಧ ಗುಂಟೆ ಸಾಕು.

ಟಮಾಟಿಗೆ ನಮ್ಮ ಬಿಸಿಲು ಆಗದು. ಹಗಲು 35 ಡಿಗ್ರಿ ಮೀರಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಹೂವು ಕಾಯಿ ಕಟ್ಟದೆ ಉದುರುತ್ತದೆ. ಏಪ್ರಿಲ್‌ದಾಗ ಇಲ್ಲಿ 40 ದಾಟುತ್ತದೆ. ಆಗ ಗೊಬ್ಬರ ಸುರಿದರೂ ದಂಡ. ಸೆಪ್ಟೆಂಬರಿನಲ್ಲಿ ಬೀಜ ಹಾಕಿ, 25–30 ದಿನದ ಸಸಿ ಹಚ್ಚಿರಿ. ಬಿಸಿಲೇರುವ ಮೊದಲೇ ಕಾಯಿ ಕೈಗೆ ಬರುತ್ತದೆ. ಕರಿಮಣ್ಣು ನೀರು ಹಿಡಿದು ಬೇರು ಕೊಳೆಸುತ್ತದೆ, ಗೇಣೆತ್ತರ ಮಡಿ ಏರಿಸಬೇಕು. ವಾರಗಟ್ಟಲೆ ಒಣಗಿಸಿ ಒಮ್ಮೆಲೆ ನೀರು ಬಿಟ್ಟರೆ ಕಾಯಿ ಸೀಳುತ್ತದೆ, ತುದಿ ಕಪ್ಪಾಗುತ್ತದೆ. ಆಸರೆಗೆ ಒಲೆಗಿಟ್ಟ ತೊಗರಿ ಕಟ್ಟಿಗೆ ಇದ್ದೇ ಇದೆ.

ಎಲೆ ಮುದುಡುವ ರೋಗ ತರುವುದು ಬಿಳಿನೊಣ. ಹತ್ತಿ ಹೊಲದಲ್ಲಿರುವುದೂ ಅದೇ. ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಹೊದಿಸಿ, ಮುದುಡಿದ ಗಿಡ ಕಂಡ ದಿನವೇ ಕಿತ್ತು ಹೂಳಿರಿ. ಹೆಸರಘಟ್ಟದ ಅರ್ಕಾ ರಕ್ಷಕ್ ತಳಿ ಈ ರೋಗ ತಾಳುತ್ತದೆ, ಖರೆ. ಆದರೆ ಅದು ಹೈಬ್ರಿಡ್; ಉಳಿಸಿದ ಬೀಜದಲ್ಲಿ ಅದೇ ಗುಣ ಬರುವುದಿಲ್ಲ, ಪ್ರತಿವರ್ಷ ಕೊಳ್ಳಬೇಕು. ಇದೊಂದು ನನಗೆ ಸೇರುವುದಿಲ್ಲ. ಜವಾರಿ ಬದನಿ, ಚವಳಿ, ಪುಂಡಿ ಬೀಜವಾದರೂ ಮನೆಯದೇ ಇರಲಿ.

ಹತ್ತಿಗೆ ತಂದ ಔಷಧ ಉಳಿದಿದೆ ಅಂತ ಹಿತ್ತಲಿಗೆ ಹೊಡೆಯಬೇಡಿರಿ. ಮೊನೊಕ್ರೊಟೊಫಾಸನ್ನು ಕಾಯಿಪಲ್ಲೆಗೆ ಬಳಸುವುದನ್ನು 2005ರಲ್ಲೇ ನಿಷೇಧಿಸಲಾಗಿದೆ. ಆ ಕಾಯಿ ತಿನ್ನುವವರು ನಿಮ್ಮ ಮಕ್ಕಳೇ ಅಲ್ಲವೇ?

ಬೇಸಿಗೆಗೆ ಬೆಂಡಿ, ಚವಳಿ ಹಾಕಿರಿ, ಅವು ಬಿಸಿಲು ತಾಳುತ್ತವೆ. ಇನ್ನೊಂದು, ಈ ಕೆಲಸವನ್ನೂ ಹೆಣ್ಣುಮಕ್ಕಳ ತಲೆಗೇ ಕಟ್ಟಬ್ಯಾಡ್ರಿ. ನೀರಿನ ಕೊಡ ನೀವೇ ಹೊರಬೇಕು.