ಪರವಾನಗಿ ಪಡೆದ ಕುಣಿತ

ಸಣ್ಣ ಊರಿನ ಹುಡುಗನೊಬ್ಬ ಕುಣಿಯುವ ಕನಸು ಕಾಣುತ್ತಾನೆ, ಊರು ಅಡ್ಡ ನಿಲ್ಲುತ್ತದೆ, ಹುಡುಗ ಹಟ ಹಿಡಿದು ಗೆಲ್ಲುತ್ತಾನೆ. ಇಂಥ ಸಿನಿಮಾಗಳು ಎಷ್ಟೋ ಬಂದಿವೆ. ಯಾನ್ ಮಾರ್ಟಿನ್ ಶಾರ್ಫ್ ನಿರ್ದೇಶಿಸಿ 2015ರಲ್ಲಿ ಜರ್ಮನಿಯಲ್ಲಿ ತೆರೆಕಂಡ 'ಡೆಸ್ಸಾವ್ ಡ್ಯಾನ್ಸರ್ಸ್' ಕೂಡ ಮೇಲುನೋಟಕ್ಕೆ ಅದೇ ಸಾಲಿನದು. ಕತೆ ನಡೆಯುವುದು 1985ರ ಬೇಸಿಗೆಯಲ್ಲಿ, ಆಗಿನ ಪೂರ್ವ ಜರ್ಮನಿಯ ಡೆಸ್ಸಾವ್ ಎಂಬ ಊರಿನಲ್ಲಿ. ಫ್ರಾಂಕ್ ಮತ್ತು ಅವನ ಗೆಳೆಯರು 'ಬೀಟ್ ಸ್ಟ್ರೀಟ್' ಎಂಬ ಅಮೆರಿಕನ್ ಚಿತ್ರ ನೋಡಿ ಬೀದಿಯಲ್ಲಿ ಬ್ರೇಕ್ ಡ್ಯಾನ್ಸ್ ಶುರು ಮಾಡುತ್ತಾರೆ, ಪೊಲೀಸರು ಬರುತ್ತಾರೆ. ಇಲ್ಲಿಯವರೆಗೆ ಎಲ್ಲ ನಿರೀಕ್ಷಿತವೇ. ಆಮೇಲೆ ಕತೆ ಬೇರೆ ದಾರಿ ಹಿಡಿಯುತ್ತದೆ. ಸರ್ಕಾರ ಈ ಹುಡುಗರನ್ನು ಓಡಿಸುವ ಬದಲು ಕರೆದು ಮಣೆ ಹಾಕುತ್ತದೆ. ಅವರ ಕುಣಿತಕ್ಕೆ ಸಮಾಜವಾದಕ್ಕೆ ಒಗ್ಗುವ ಕಸರತ್ತಿನ ರೂಪ ಕೊಟ್ಟು, ತರಬೇತಿ, ವೇಷಭೂಷಣ, ವೇದಿಕೆ ಎಲ್ಲವನ್ನೂ ಒದಗಿಸುತ್ತದೆ. ನಿಷೇಧಕ್ಕೆ ಜಗ್ಗದ ಕನಸನ್ನು ಮಾನ್ಯತೆ ಸುಲಭವಾಗಿ ಬಗ್ಗಿಸಬಲ್ಲದು ಎಂಬ ಮಾತನ್ನು ಈ ಚಿತ್ರದ ಆಧಾರದ ಮೇಲೆ ನಾನು ಗಟ್ಟಿಯಾಗಿ ಹೇಳಬಯಸುತ್ತೇನೆ.

ಮೊದಲು ಇತಿಹಾಸ ನೋಡೋಣ, ಏಕೆಂದರೆ ಚಿತ್ರದ ಹಿನ್ನೆಲೆ ಕಟ್ಟುಕತೆಯಲ್ಲ. 'ಬೀಟ್ ಸ್ಟ್ರೀಟ್' 1984ರಲ್ಲಿ ಅಮೆರಿಕದಲ್ಲಿ ಬಂತು. ಮರುವರ್ಷವೇ ಅದು ಪೂರ್ವ ಜರ್ಮನಿಯ ಚಿತ್ರಮಂದಿರಗಳಿಗೆ ಬಂದದ್ದು ಸರ್ಕಾರದ ಒಪ್ಪಿಗೆಯಿಂದಲೇ. ಅದರ ನಿರ್ಮಾಪಕರಲ್ಲಿ ಒಬ್ಬರು ಹ್ಯಾರಿ ಬೆಲಫಾಂಟೆ; ಜನಾಂಗಭೇದದ ವಿರುದ್ಧ, ಅಣ್ವಸ್ತ್ರದ ವಿರುದ್ಧ ದನಿಯೆತ್ತಿದ ಗಾಯಕ. 1983ರ ಅಕ್ಟೋಬರ್‌ನಲ್ಲಿ ಪೂರ್ವ ಬರ್ಲಿನ್ನಿನ ಶಾಂತಿ ಕಾರ್ಯಕ್ರಮದಲ್ಲಿ ಹಾಡಿ ಬಂದವರು. ಚಿತ್ರದ ಕತೆಯೂ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಬಡತನದ್ದು. ಬಂಡವಾಳಶಾಹಿಯ ನರಕ ಹೇಗಿರುತ್ತದೆಂದು ನಮ್ಮ ಹುಡುಗರು ನೋಡಿ ತಿಳಿಯಲಿ ಎಂಬುದು ಅಧಿಕಾರಿಗಳ ಲೆಕ್ಕಾಚಾರ. ಹುಡುಗರು ನೋಡಿದ್ದೇ ಬೇರೆ. ಪಾಳುಬಿದ್ದ ಕಟ್ಟಡಗಳ ನಡುವೆ, ಕೈಯಲ್ಲಿ ಕಾಸಿಲ್ಲದವರು, ಯಾರ ಅಪ್ಪಣೆಗೂ ಕಾಯದೆ, ತಮ್ಮ ಮೈಯನ್ನೇ ಸಂಪತ್ತು ಮಾಡಿಕೊಂಡದ್ದನ್ನು ಅವರು ನೋಡಿದರು. ಮತ್ತೆ ಮತ್ತೆ ಟಿಕೆಟ್ ಕೊಂಡು ಅದೇ ಚಿತ್ರಕ್ಕೆ ಹೋದರು. ತೆರೆಯ ಮೇಲೆ ಕೆಲವೇ ಕ್ಷಣ ಮಿಂಚಿ ಮಾಯವಾಗುವ ಪಟ್ಟುಗಳನ್ನು ಕಣ್ಣಲ್ಲೇ ಹಿಡಿದು ತಂದು, ಅಂಗಡಿಯಲ್ಲಿ ಸಿಗದ ಬಟ್ಟೆಗಳನ್ನು ತಾವೇ ಹೊಲಿದುಕೊಂಡು ಕುಣಿದರು.

ಪೂರ್ವ ಜರ್ಮನಿಗೆ ಇಂಥ ತಲೆನೋವು ಹೊಸದಾಗಿರಲಿಲ್ಲ. 1958ರಲ್ಲೇ ಅಲ್ಲಿ ಒಂದು ನಿಯಮ ಬಂದಿತ್ತು: ಸಾರ್ವಜನಿಕವಾಗಿ ನುಡಿಸುವ ಸಂಗೀತದಲ್ಲಿ ನೂರಕ್ಕೆ ಅರವತ್ತು ಪಾಲು ತಮ್ಮ ದೇಶದ್ದು ಅಥವಾ ಸಮಾಜವಾದಿ ದೇಶಗಳದ್ದು ಇರಬೇಕು. ರಾಕ್ ಅಂಡ್ ರೋಲ್‌ಗೆ ಎದುರಾಗಿ 1959ರಲ್ಲಿ 'ಲಿಪ್ಸಿ' ಎಂಬ ಹೊಸ ಜೋಡಿನೃತ್ಯವನ್ನು ಹುಟ್ಟುಹಾಕಿ, ಹಾಡು ಕಟ್ಟಿಸಿ, ಭಾರಿ ಪ್ರಚಾರ ಕೊಟ್ಟರು. ಸಭ್ಯವಾದ, ಅಚ್ಚುಕಟ್ಟಾದ ಕುಣಿತ ಅದು. ಯುವಜನ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲೇ ಇಲ್ಲ. 1965ರಲ್ಲಿ ಲೈಪ್‌ಜಿಗ್ ನಗರದಲ್ಲಿ ಬೀಟ್ ವಾದ್ಯತಂಡಗಳ ಮೇಲೆ ನಿಷೇಧ ಹೇರಿದಾಗ ಹುಡುಗರು ಬೀದಿಗಿಳಿದರು. ಪೊಲೀಸರು ಹಲವರನ್ನು ಬಂಧಿಸಿ, ಕಂದು ಕಲ್ಲಿದ್ದಲಿನ ಗಣಿಯ ದುಡಿಮೆಗೆ ಕಳಿಸಿದರು. ಆ ಸಂಗೀತ ಮಾತ್ರ ನಿಲ್ಲಲಿಲ್ಲ. ಅಂದರೆ ಬೇಡ ಎಂದು ಹೇಳಿಯೂ ಆಗಿತ್ತು, ಬದಲಿ ಕೊಟ್ಟೂ ಆಗಿತ್ತು. ಎರಡೂ ಫಲಿಸಲಿಲ್ಲ.

ಉಳಿದದ್ದು ಮೂರನೆಯ ದಾರಿ, ದರ್ಜೆ ಕೊಡುವುದು. ಹವ್ಯಾಸಿ ವಾದ್ಯತಂಡವಿರಲಿ, ನೃತ್ಯತಂಡವಿರಲಿ, ಸಂಭಾವನೆ ಪಡೆದು ಪ್ರದರ್ಶನ ಕೊಡಬೇಕಾದರೆ ಅಧಿಕೃತ ಸಮಿತಿಯ ಮುಂದೆ ಪರೀಕ್ಷೆಗೆ ನಿಲ್ಲಬೇಕಿತ್ತು. ಅಲ್ಲಿ ಸಿಗುವ ದರ್ಜೆಯ ಮೇಲೆ ಸಂಭಾವನೆ ನಿರ್ಧಾರವಾಗುತ್ತಿತ್ತು. ಬ್ರೇಕ್ ಡ್ಯಾನ್ಸ್ ತಂಡಗಳೂ ಈ ಬಾಗಿಲಿನಿಂದಲೇ ಒಳಗೆ ಬಂದವು. ಇದರಲ್ಲೇನು ತಪ್ಪು ಎಂದು ತಿಳಿಯಬೇಕಾದರೆ ಆ ಕುಣಿತವನ್ನು ಹತ್ತಿರದಿಂದ ನೋಡಬೇಕು. ಹುಡುಗರು ವೃತ್ತವಾಗಿ ನಿಲ್ಲುತ್ತಾರೆ. ಒಬ್ಬ ಒಳಗೆ ಬಂದು ಮೊದಲು ನಿಂತೇ ಹೆಜ್ಜೆ ಹಾಕುತ್ತಾನೆ, ಕೈ ನೆಲಕ್ಕೂರಿ ಕಾಲುಗಳನ್ನು ಸುತ್ತಿಸುತ್ತಾನೆ, ಕೊನೆಗೆ ನೆತ್ತಿಯ ಮೇಲೆ ನಿಂತು ಅಂಗೈಯಿಂದ ನೆಲ ತಟ್ಟಿ ತಟ್ಟಿ ವೇಗ ಕೂಡಿಸಿ ಬುಗುರಿಯಂತೆ ಗಿರಕಿ ಹೊಡೆಯುತ್ತಾನೆ. ಅವನು ಹೊರಬಂದ ಕೂಡಲೇ ಇನ್ನೊಬ್ಬ ಒಳನುಗ್ಗಿ ಉತ್ತರ ಕೊಡುತ್ತಾನೆ. ಚೆನ್ನಾಗಿತ್ತೋ ಇಲ್ಲವೋ ಎಂದು ತೀರ್ಮಾನಿಸುವುದು ಆ ವೃತ್ತ, ಅದೂ ಅಲ್ಲೇ, ಆಗಲೇ. ಸಮಿತಿಯ ಮುಂದೆ ಈ ವೃತ್ತ ಒಡೆದು ಸಾಲಾಗುತ್ತದೆ. ಎಲ್ಲರೂ ಒಂದೇ ದಿಕ್ಕಿಗೆ, ಮೇಜಿನ ಕಡೆಗೆ ಮುಖ ಮಾಡುತ್ತಾರೆ. ಎದುರಾಳಿಗೆ ಉತ್ತರ ಕೊಡುವುದರ ಬದಲು ಅಧಿಕಾರಿಯನ್ನು ಮೆಚ್ಚಿಸುವುದು ಕೆಲಸವಾಗುತ್ತದೆ. ಪಟ್ಟುಗಳು ಹಾಗೇ ಉಳಿದಿರುತ್ತವೆ, ಅವು ಯಾರಿಗಾಗಿ ಎಂಬುದು ಬದಲಾಗಿರುತ್ತದೆ. ಚಿತ್ರದಲ್ಲಿ ತಂಡ ಮೇಲೇರಿದಷ್ಟೂ ಗೆಳೆಯರ ನಡುವೆ ಬಿರುಕು ಬೀಳುವುದು ಇದೇ ಕಾರಣಕ್ಕೆ ಎಂದು ನನಗನ್ನಿಸುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಸಣ್ಣ ಊರಿನ ಮಕ್ಕಳಿಗೆ ನೆಲ ಕೊಟ್ಟವರಾರು, ಗುರು ಕೊಟ್ಟವರಾರು? ಸರ್ಕಾರದ ಆಸರೆ ಇಲ್ಲದೆ ಎಷ್ಟು ಪ್ರತಿಭೆಗಳು ಮೊಳಕೆಯಲ್ಲೇ ಬಾಡುವುದಿಲ್ಲ? ಇದು ತಳ್ಳಿಹಾಕುವ ಮಾತಲ್ಲ. ಗ್ರೆಟ್ ಪಲುಕ್ಕಾ 1925ರಲ್ಲಿ ಡ್ರೆಸ್ಡನ್ನಿನಲ್ಲಿ ಕಟ್ಟಿದ ನೃತ್ಯಶಾಲೆಯನ್ನು ನಾಜಿಗಳು ಮುಚ್ಚಿಸಿದ್ದರು. ಯುದ್ಧ ಮುಗಿದ ಮೇಲೆ ಅದು ಮತ್ತೆ ತೆರೆದು, ಪೂರ್ವ ಜರ್ಮನಿಯ ಸರ್ಕಾರಿ ಶಾಲೆಯಾಗಿ ತಲೆಮಾರುಗಳ ನರ್ತಕರನ್ನು ಬೆಳೆಸಿತು. ಬ್ರೇಕ್ ಡ್ಯಾನ್ಸ್ ಹುಡುಗರೂ ಪರವಾನಗಿ ಹಿಡಿದು ಊರೂರು ತಿರುಗಿ ಕುಣಿದರು, ನಾಲ್ಕು ಕಾಸು ಕಂಡರು. ಅವರನ್ನು ರಾಜಿ ಮಾಡಿಕೊಂಡವರೆಂದು ದೂರುವ ಹಕ್ಕು ದೂರದಲ್ಲಿ ಕೂತ ನಮಗಿಲ್ಲ. ಆದರೂ ಕಲಾವಿದನಿಗೆ ಆಸರೆ ಕೊಡುವುದು ಬೇರೆ, ಕಲೆಯ ಯಜಮಾನಿಕೆ ವಹಿಸಿಕೊಳ್ಳುವುದು ಬೇರೆ. ಮರದ ನೆಲ ಹಾಕಿಸಿ ಬೀಗದ ಕೈಯನ್ನು ಮಕ್ಕಳ ಕೈಗೆ ಕೊಡುವ ಸರ್ಕಾರವೂ ಇರಬಹುದು. ಡೆಸ್ಸಾವಿನ ಹುಡುಗರಿಗೆ ಸಿಕ್ಕಿದ್ದು ನೆಲದ ಜೊತೆಗೆ, ಆ ನೆಲದ ಮೇಲೆ ಯಾವ ಹೆಜ್ಜೆ ಸರಿ ಎಂಬ ಆದೇಶ.

ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಈ ಹುಡುಗರು ಮಾಡಿದ್ದು ಅಮೆರಿಕದ ಸಿನಿಮಾದ ನಕಲು ತಾನೆ, ಅದರಲ್ಲಿ ಅವರ ಸ್ವಂತದ್ದೇನು? ಯಾವ ಕಲಿಕೆಯೂ ನಕಲಿನಿಂದಲೇ ಹೊರಡುತ್ತದೆ. ಅದರ ಮೇಲೆ, ಬ್ರೇಕ್ ಡ್ಯಾನ್ಸಿನ ಕಟ್ಟುಪಾಡಿನಲ್ಲಿ ಬೇರೆಯವರ ಪಟ್ಟನ್ನು ಹಾಗೇ ಎತ್ತಿಕೊಳ್ಳುವುದು ನಾಚಿಕೆಗೇಡು. ಅದಕ್ಕೆ ತನ್ನದೊಂದನ್ನು ಸೇರಿಸಲೇಬೇಕು. ಕಲಿಸುವವರಿಲ್ಲದ ಕಾರಣ ಪೂರ್ವ ಜರ್ಮನಿಯ ಹುಡುಗರು ತೆರೆಯ ಮೇಲೆ ಕಾಣದೆ ಹೋದ ಅರ್ಧವನ್ನು ತಾವೇ ಊಹಿಸಿ ತುಂಬಿಸಬೇಕಿತ್ತು. ಅಂದಹಾಗೆ, ವಿಚಿತ್ರ ಚಲನೆಗಳು ಡೆಸ್ಸಾವಿಗೆ ಪರಕೀಯವೂ ಅಲ್ಲ. 1925ರಲ್ಲಿ ಈ ಊರಿಗೆ ಬಂದ ಬೌಹೌಸ್ ಕಲಾಶಾಲೆಯ ರಂಗಶಾಲೆಯಲ್ಲಿ ಓಸ್ಕರ್ ಶ್ಲೆಮ್ಮರ್ ನರ್ತಕರ ಕೈಕಾಲುಗಳಿಗೆ ಉದ್ದನೆಯ ಕೋಲುಗಳನ್ನು ಕಟ್ಟಿ, ಮುಖವಾಡ ತೊಡಿಸಿ, ಯಂತ್ರದಂತೆ ಚಲಿಸುವ ದೇಹಗಳನ್ನು ರಂಗಕ್ಕೆ ತಂದಿದ್ದರು.

'ಡೆಸ್ಸಾವ್ ಡ್ಯಾನ್ಸರ್ಸ್' ತೀರಾ ಹಗುರವಾಗಿದೆ, ಗುಪ್ತಚರರು ಮನೆಮನೆಯ ಮಾತು ಕದ್ದು ಕೇಳುತ್ತಿದ್ದ ನಾಡನ್ನು ನಗೆಯಲ್ಲಿ ತೇಲಿಸಿದೆ ಎನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಜೈಲಿಗೆ ಹೋದವರ ನೋವು ಈ ಚಿತ್ರದಲ್ಲಿ ಸಿಗುವುದಿಲ್ಲ. ಆದರೆ ಹಿಡಿತ ಯಾವಾಗಲೂ ಲಾಠಿ ಹಿಡಿದೇ ಬರುತ್ತದೆಂದು ನಂಬಿದವರಿಗೆ, ಅದು ಬೆನ್ನು ತಟ್ಟಿ ಹಾರ ಹಾಕಿಯೂ ಬರಬಲ್ಲದೆಂದು ತೋರಿಸಲು ನಗೆಯ ಧಾಟಿಯೇ ಬೇಕಿತ್ತು.

ಇದೆಲ್ಲ ಮುಳುಗಿಹೋದ ದೇಶದ ಕತೆ, ನಮಗೇಕೆ ಎನ್ನುವಂತೆಯೂ ಇಲ್ಲ. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕ್ ಡ್ಯಾನ್ಸ್ 'ಬ್ರೇಕಿಂಗ್' ಎಂಬ ಹೆಸರಿನಲ್ಲಿ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ಜಪಾನಿನ ಆಮಿ, ಕೆನಡಾದ ಫಿಲ್ ವಿಜಾರ್ಡ್ ಚಿನ್ನ ಗೆದ್ದರು. ಒಂಬತ್ತು ತೀರ್ಪುಗಾರರು ಕೂತು ತಂತ್ರ, ಪಟ್ಟುಗಳ ವೈವಿಧ್ಯ, ನಿರ್ವಹಣೆ, ಲಯಜ್ಞಾನ, ಸ್ವಂತಿಕೆ ಎಂಬ ಐದು ಅಳತೆಗಳಲ್ಲಿ ತೂಗಿದರು. ಹಾಗಾದರೆ ಡೆಸ್ಸಾವಿನ ಮೇಜು ಪ್ಯಾರಿಸ್ಸಿನಲ್ಲೂ ಇತ್ತಲ್ಲವೆ? ಇತ್ತು, ಆದರೆ ಅದರ ಹಿಂದೆ ಕೂತವರು ಸ್ವತಃ ವೃತ್ತದೊಳಗೆ ಕುಣಿದು ಬಂದವರು. ಇಬ್ಬರು ಸ್ಪರ್ಧಿಗಳು ಎದುರುಬದುರು ನಿಂತು ಒಬ್ಬರಿಗೊಬ್ಬರು ಉತ್ತರಿಸುವ ಪದ್ಧತಿಯೂ ಹಾಗೇ ಉಳಿದಿತ್ತು. ಅಳತೆಗೋಲಿನಿಂದಾಗುವ ಅಪಾಯ ಅಲ್ಲಿಯೂ ತಪ್ಪಿದ್ದಲ್ಲ. ಅಂಕ ಸಿಗುವ ಪಟ್ಟನ್ನೇ ರೂಢಿಸಿಕೊಳ್ಳುವ ಆಸೆ ಎಂಥ ಹುಡುಗನಿಗೂ ಹುಟ್ಟೀತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಪಟ್ಟಿಯಲ್ಲಿ ಬ್ರೇಕಿಂಗ್ ಇಲ್ಲ. ಮಾನ್ಯತೆ ಕೈತಪ್ಪಿತೆಂದು ಹಲವರಿಗೆ ನೋವಾಗಿದೆ, ಅದು ಸಹಜವೇ. ನನಗೆ ಮಾತ್ರ ಆ ಕುಣಿತದ ಬಗ್ಗೆ ಅಷ್ಟೇನೂ ಆತಂಕವಿಲ್ಲ. ಯಾವ ಪಟ್ಟಿಯಲ್ಲೂ ಇಲ್ಲದ ಕಾಲದಲ್ಲೇ ಅದು ಬ್ರಾಂಕ್ಸ್‌ನಿಂದ ಡೆಸ್ಸಾವಿನವರೆಗೆ ನಡೆದು ಬಂದಿತ್ತು.