ಮರಳಿ ಚೆಂಡು ಹಿಡಿದ ಕೈ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಟ್ಟಮಡುವಿನ ಗಲ್ಲಿಗಳಲ್ಲಿ ಸಂಜೆಯಾದರೆ ಕ್ರಿಕೆಟ್. ಎಲ್ಲರಿಗೂ ವೇಗದ ಬೌಲರ್ ಆಗುವ ಆಸೆ. ಆದ್ದರಿಂದ ಇಂದು ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಅವರ ಬಗ್ಗೆ ಎರಡು ಮಾತು ಹೇಳುತ್ತೇನೆ.

ಇಂಜಿನಿಯರಿಂಗ್ ಓದಿದ ಶ್ರೀನಾಥ್ 1991ರಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್ ಆಡಿದರು. 1996ರಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಕೇವಲ 21 ರನ್‌ಗಳಿಗೆ 6 ವಿಕೆಟ್ ಪಡೆದರು. ಮರುವರ್ಷವೇ ಭುಜ ಕೈಕೊಟ್ಟಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆಯಾಯಿತು. ಭುಜದ ಕೀಲನ್ನು ನಾಲ್ಕು ಸ್ನಾಯುಗಳು ಸುತ್ತ ಹಿಡಿದಿರುತ್ತವೆ. ವೇಗವಾಗಿ ಎಸೆಯುವಾಗಲೆಲ್ಲ ಅವುಗಳ ಮೇಲೆ ಭಾರ ಬೀಳುತ್ತದೆ. ವಿಶ್ರಾಂತಿ ಇಲ್ಲದಿದ್ದರೆ ಹರಿಯುತ್ತವೆ.

ಅವರ ಆಟ ಮುಗಿಯಿತು ಎಂದವರಿದ್ದರು. ಆದರೆ ಅವರ 236 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಬಂದದ್ದು ಆ ಶಸ್ತ್ರಚಿಕಿತ್ಸೆಯ ನಂತರವೇ! 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಪಂದ್ಯದಲ್ಲಿ 13 ವಿಕೆಟ್ ಪಡೆದರು. ಪಂದ್ಯ ಸೋತೆವು, ಅವರ ಶ್ರಮ ಸೋಲಲಿಲ್ಲ. 2003ರ ವಿಶ್ವಕಪ್ ಫೈನಲ್‌ವರೆಗೂ ಆಡಿದರು. 2006ರಿಂದ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾದರು.

ಅಮೆರಿಕದ ಬೇಸ್‌ಬಾಲ್‌ನಲ್ಲೂ ಇಂಥದೇ ಒಂದು ಉದಾಹರಣೆಯಿದೆ. ಚೆಂಡೆಸೆಯುವ ಟಾಮಿ ಜಾನ್ ಅವರಿಗೆ 1974ರಲ್ಲಿ ಮೊಣಕೈಯ ಶಸ್ತ್ರಚಿಕಿತ್ಸೆಯಾಯಿತು. 1975ರ ಇಡೀ ವರ್ಷ ಆಡದೆ ಕಾದರು. 1976ರಲ್ಲಿ ಮರಳಿದವರು 1989ರವರೆಗೂ ಆಡಿದರು.

ಪ್ರಿಯ ಮಕ್ಕಳೇ, ತಂಡದಿಂದ ಕೈಬಿಡುತ್ತಾರೆಂದು ನೋವನ್ನು ಮುಚ್ಚಿಡಬೇಡಿ. ಶಿಕ್ಷಕರಿಗೆ ಹೇಳಿ, ವೈದ್ಯರ ಮಾತು ಕೇಳಿ.

ಪೋಷಕರಲ್ಲಿ ನನ್ನದೊಂದು ವಿನಂತಿ. ಕಾಯಿಲೆಯಿಂದಲೋ ಅಪಘಾತದಿಂದಲೋ ಮಗು ಆರು ತಿಂಗಳು ಮನೆಯಲ್ಲಿ ಉಳಿಯುತ್ತದೆ. ಆಗ "ವರ್ಷ ಹಾಳಾಯಿತು, ಇನ್ನೇಕೆ ಶಾಲೆ?" ಎಂದು ಮಗನನ್ನು ಗ್ಯಾರೇಜಿಗೆ ಕಳಿಸುತ್ತೇವೆ, ಮಗಳನ್ನು ಅಡುಗೆಮನೆಗೆ ಸೇರಿಸುತ್ತೇವೆ. ಜೊತೆಯವರು ಮುಂದಿನ ತರಗತಿಗೆ ಹೋದರೆಂಬ ನಾಚಿಕೆ ಮಗುವಿಗೂ ಇರುತ್ತದೆ. ಆಟಗಾರನಿಗೆ ಒಂದು ವರ್ಷ ಎಷ್ಟು ದೊಡ್ಡದು! ಅಂಥವರೇ ಕಾದು ಮರಳಿದ್ದಾರೆ. ನಲವತ್ತು ವರ್ಷ ದುಡಿಯಬೇಕಾದ ಮಗುವಿಗೆ ಒಂದು ವರ್ಷ ಏನು ಮಹಾ? ದಯವಿಟ್ಟು ಅದೇ ತರಗತಿಗಾದರೂ ಮರಳಿ ಕಳುಹಿಸಿ. ಉಳಿದ ಪಾಠಗಳನ್ನು ಸಂಜೆ ಕೂರಿಸಿ ಹೇಳಿಕೊಡುವುದು ಶಿಕ್ಷಕರಾದ ನಮ್ಮ ಕರ್ತವ್ಯ.